ಅಣೆಕಟ್ಟು ಹೇಳದ ಸೊನ್ನೆ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಬೀಗರು, ಶಿವಮೂರ್ತೆಯ್ಯನವರು. ಮಗಳನ್ನು ಮಾತಾಡಿಸಲು ಹೋಗಿದ್ದಾಗ, ಸಂಜೆಯ ಲಿಂಗಪೂಜೆ ಮುಗಿಸಿ, ಪಡಸಾಲೆಯಲ್ಲಿ ಕುಳಿತು ಹೇಳಿದರು. ಗುರುವಿನ ಪಾದ ನೆನೆದು, ಕೇಳಿದಂತೆಯೇ ಬರೆಯುತ್ತೇನೆ.

ಒಂದು ಹೊಳೆ. ಹೊಳೆಯ ದಂಡೆಗೆ ಒಂದು ಮಠ. ಮಠದಲ್ಲಿ ಮರುಳಯ್ಯ ಅಜ್ಜಾರು ಎಂಬ ಗುರುಗಳು.

ಅಜ್ಜಾರು ಶಿಷ್ಯರಿಗೆ ಶಾಸ್ತ್ರವನ್ನೂ ಹೇಳುತ್ತಿದ್ದರು, ಕಂಪ್ಯೂಟರನ್ನೂ ಕಲಿಸುತ್ತಿದ್ದರು. ಇಂಗ್ಲಿಷು ಬಾರದವರೂ ಕಂಪ್ಯೂಟರಿಗೆ ಕೆಲಸ ಹೇಳುವಂತಾಗಲಿ ಎಂದು ಕನ್ನಡದ ಮಾತುಗಳನ್ನೇ ಇಟ್ಟು ಒಂದು ಪ್ರೋಗ್ರಾಮಿಂಗ್ ಭಾಷೆ ಕಟ್ಟಿದ್ದರು. ತಾ, ಕೂಡಿಸು, ಕೇಳು, ಹೇಳು. ಹೀಗೆ ಮನೆಯ ಮಾತುಗಳು. ಸುತ್ತಲಿನವರು ಅದನ್ನು ಮಠದ ಭಾಷೆ ಎಂದೇ ಕರೆಯುತ್ತಿದ್ದರು.

ಆ ಮಠದ ದಾಸೋಹದಲ್ಲಿ ಒಂದು ನೇಮವಿತ್ತು. ಬಾಗಿಲಿಗೆ ಬಂದು ಕೇಳಿದವರನ್ನು ಬರಿಗೈಯಲ್ಲಿ ಕಳಿಸುವಂತಿಲ್ಲ. ಅಡುಗೆ ತೀರಿದ್ದರೆ ಒಂದು ತುಣುಕು ಬೆಲ್ಲವನ್ನಾದರೂ ಅಂಗೈಗೆ ಇಡಬೇಕು.

ಅದೇ ನೇಮವನ್ನು ಅಜ್ಜಾರು ಭಾಷೆಗೂ ತಂದಿದ್ದರು. ಪ್ರೋಗ್ರಾಂ ಏನನ್ನಾದರೂ ಕೇಳಿದರೆ ಅದಕ್ಕೂ ಬರಿಗೈ ಇಲ್ಲ. ಕೊಡಲು ಏನೂ ಸಿಗದಿದ್ದರೆ ಭಾಷೆ ತಾನೇ ಒಂದು ಸೊನ್ನೆ ಕೊಡುತ್ತಿತ್ತು. ಕಣಜದಲ್ಲಿ ಜೋಳ ಎಷ್ಟಿದೆ ಎಂದು ಕೇಳಿದಾಗ, ಜೋಳದ ಲೆಕ್ಕವನ್ನೇ ಯಾರೂ ಬರೆದಿರದಿದ್ದರೆ, ಸೊನ್ನೆ. ಹೊಸಬರ ಪ್ರೋಗ್ರಾಂ ನಡುದಾರಿಯಲ್ಲಿ ನಿಂತು ಅವರು ಅಂಜಬಾರದು ಎಂಬ ಕರುಣೆಯಿಂದ ಮಾಡಿದ ನೇಮ ಅದು.

ವರ್ಷಗಟ್ಟಲೆ ಅದರಿಂದ ಯಾರಿಗೂ ತೊಂದರೆಯಾಗಲಿಲ್ಲ.

ಅಜ್ಜಾರ ಹಿರಿಯ ಶಿಷ್ಯ ಚನ್ನವೀರ. ಅವನಿಗೆ ಭಾಷೆಯಲ್ಲಿ ಒಂದು ಕೊರತೆ ಕಾಣುತ್ತಿತ್ತು. ತಾನು ಕುಳಿತ ಯಂತ್ರದೊಳಗೆ ಇರುವುದನ್ನಷ್ಟೇ ಅದು ಬಲ್ಲದು. ಇನ್ನೊಂದು ಊರಿನ ಯಂತ್ರವನ್ನು ಇಂಟರ್ನೆಟ್ಟಿನಲ್ಲಿ ಕೇಳಿ ತಿಳಿಯುವುದು ಅದಕ್ಕೆ ಬಾರದು. ಹಾಗೆ ಕೇಳಿದವರಿಗೆ ಉತ್ತರ ಕೊಡಲೆಂದೇ ಯಂತ್ರಗಳು ಇಟ್ಟುಕೊಂಡ ಬಾಗಿಲಿಗೆ ವೆಬ್ ಸರ್ವಿಸ್ ಎನ್ನುತ್ತಾರೆ. ಮಠದ ಭಾಷೆಯವರು ಆ ಬಾಗಿಲಿಗೆ ಹೋಗಬೇಕಾದರೆ ಬೇರೆ ಭಾಷೆಯ ಕೈಕಾಲು ಹಿಡಿಯಬೇಕಾಗಿತ್ತು.

ಚನ್ನವೀರ ಆ ಬಲವನ್ನು ಭಾಷೆಯೊಳಗೇ ಹುಟ್ಟುಗುಣದ ಹಾಗೆ ಕೂಡಿಸಲು ಹೊರಟ. ಅವನಿಗೆ ಅವಸರವೂ ಇತ್ತು. ಅದಕ್ಕೆ ಕಾರಣ ಹೊಳೆ.

ಹೊಳೆಯ ಮೇಲ್ಗಡೆ ಒಂದು ಅಣೆಕಟ್ಟು. ಬೇಸಿಗೆಯಲ್ಲಿ ನೀರು ಇಳಿದಾಗ ಹೊಳೆಯ ನಡುವೆ ಉಸುಕಿನ ದಿಬ್ಬ ಏಳುತ್ತಿತ್ತು. ಕೆಲವು ಮನೆಯವರು ಅಲ್ಲಿ ಕಲ್ಲಂಗಡಿ ಹಾಕುತ್ತಿದ್ದರು. ಚನ್ನವೀರನ ಅಕ್ಕ ಗಂಗವ್ವನ ಬಳ್ಳಿಯೂ ಅಲ್ಲೇ.

ಕೆಳಗಿನ ಊರುಗಳಿಗೆ ಕುಡಿಯುವ ನೀರು ಬಿಡುವ ಮುಂಚೆ ಅಣೆಕಟ್ಟಿನವರು ಮಠಕ್ಕೆ ಫೋನು ಮಾಡುತ್ತಿದ್ದರು. ಮಠದವರು ದಂಡೆಯ ಕಂಬದ ಮೇಲಿನ ಭೋಂಗಾ, ಅಂದರೆ ಸೈರನ್ನು, ಊದುತ್ತಿದ್ದರು. ಉಸುಕಿನಲ್ಲಿದ್ದವರು ಮೇಲೆ ಬರುತ್ತಿದ್ದರು. ಒಮ್ಮೆ ಎಲ್ಲರೂ ಪೂಜೆಯಲ್ಲಿದ್ದು ಫೋನು ಎತ್ತಲಿಲ್ಲ; ಅಂದು ಗಂಗವ್ವ ಕುತ್ತಿಗೆಯ ತನಕ ನೀರಿನಲ್ಲಿ ನಡೆದು ಬಂದಿದ್ದಳು.

ಅಂದಿನಿಂದ ಚನ್ನವೀರನಿಗೆ ಒಂದೇ ಹಟ. ಅಣೆಕಟ್ಟಿನ ಯಂತ್ರ ಎಷ್ಟು ನೀರು ಬಿಟ್ಟಿದೆ ಎಂಬುದನ್ನು ಕೇಳಿದವರಿಗೆಲ್ಲ ಹೇಳುತ್ತದೆ. ಮಠದ ಯಂತ್ರ ಅದನ್ನು ಆಗಾಗ ಕೇಳುತ್ತಿರಲಿ. ಸೊನ್ನೆ ಎಂದರೆ ಅಣೆಕಟ್ಟಿನ ಬಾಗಿಲು ಮುಚ್ಚಿದೆ, ಸುಮ್ಮನಿರಲಿ. ಸೊನ್ನೆಗಿಂತ ಹೆಚ್ಚು ಬಂದರೆ ತಾನೇ ಭೋಂಗಾ ಊದಲಿ.

ಕೆಲಸ ಮುಗಿದ ದಿನ ಅವನು ಅಜ್ಜಾರ ಮುಂದೆ ಬಂದು ನಿಂತ.

"ಮುಗೀತೇನಪಾ?" ಎಂದರು ಅಜ್ಜಾರು.

"ಮುಗೀತ್ರಿ ಅಜ್ಜಾರ. ಇದ ಖೋಲಿಯೊಳಗಿನ ಕಣಜಕ್ಕ ಹೆಂಗ ಕೇಳತೀವಿ, ಅಣೆಕಟ್ಟಿಗೂ ಹಂಗ ಕೇಳಬಹುದು. ಅದ ಮಾತು, ಅದ ರೀತಿ. ಹತ್ತಿರ ದೂರ ಅನ್ನೂ ಭೇದಾನ ಇಲ್ರಿ."

"ಭೇದ ಇಲ್ಲ ಅನ್ನೂದು ಅನುಭಾವಕ್ಕ ಚೊಲೊ. ಅದು ತಂತಿಗೆ ಗೊತ್ತೈತೇನು?"

ಜೊತೆಯ ಶಿಷ್ಯರು ನಕ್ಕರು. ಚನ್ನವೀರನೂ ನಕ್ಕ.

ಆದರೆ ಅವನಿಗೆ ಒಂದು ಸಂಶಯ ಇತ್ತು. ತಂತಿ ಹರಿದು ಅಣೆಕಟ್ಟಿನಿಂದ ಉತ್ತರವೇ ಬಾರದೆ ಹೋದರೆ, ಭಾಷೆ ತನ್ನ ನೇಮದಂತೆ ಸೊನ್ನೆ ಕೊಡುತ್ತದೆ. ಬಾಗಿಲು ಮುಚ್ಚಿದೆ ಎಂದರೂ ಸೊನ್ನೆ. ಎರಡು ಸೊನ್ನೆಗೂ ಒಂದೇ ಮುಖ.

ಇದು ಅವನಿಗೆ ಕೆಲಸದ ನಡುವೆಯೇ ಹೊಳೆದಿತ್ತು. ಸರಿಮಾಡಬೇಕಾದರೆ ಸೊನ್ನೆಯ ನೇಮವನ್ನೇ ಕೀಳಬೇಕು. ಆ ನೇಮ ಗುರುಗಳ ಬಾಯಿಂದ ಬಂದದ್ದು. ತಂತಿ ದಿನಾ ಹರಿಯುತ್ತದೆಯೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ.

"ಏನರ ಸಂಶಯ ಉಳದೈತೇನು?" ಎಂದು ಅಜ್ಜಾರು ಕೇಳಿದರು.

ಚನ್ನವೀರ ಬಾಗಿ ಅವರ ಪಾದ ಮುಟ್ಟಿದ. ಬಾಯಿ ಬಿಡಲಿಲ್ಲ.

ಅಜ್ಜಾರು ಅವನ ತಲೆಯ ಮೇಲೆ ಕೈ ಇಟ್ಟರು. "ಹಂಗಾದ್ರ ನಾಳೆ ಭೋಂಗಾಕ್ಕ ಕಟ್ಟು. ಮೊದಲ ಸಲ ನಾವಿಬ್ರೂ ಉಸುಕಿನ್ಯಾಗ ಕುಂದ್ರೂಣು. ಕಟ್ಟಿದವರು ಕೆಳಗ ಇರಬೇಕು."

ಮರುದಿನ ಬೆಳಿಗ್ಗೆ ಅಣೆಕಟ್ಟಿನಿಂದ ಎಂದಿನಂತೆ ಫೋನು ಬಂತು. ಮಧ್ಯಾಹ್ನದ ಮೇಲೆ ನೀರು ಬಿಡುತ್ತಾರೆ. ಅಜ್ಜಾರು ಕಲ್ಲಂಗಡಿಯವರಿಗೆಲ್ಲ ಮೇಲೆ ಬರಲು ಹೇಳಿ ಕಳಿಸಿದರು. ಆಮೇಲೆ ಚನ್ನವೀರನನ್ನು ಕರೆದುಕೊಂಡು ತಾವೇ ಕೆಳಗಿಳಿದರು.

ಹೊಳೆ ದಿಬ್ಬದ ಎರಡೂ ಮಗ್ಗುಲಿಗೆ ಹರಿಯುತ್ತಿತ್ತು. ಮುಂದಿನದು ದೊಡ್ಡ ಹರಿವು. ಹಿಂದಿನದು, ದಂಡೆಯ ಕಡೆಯದು, ಸಣ್ಣ ಕಾಲುವೆಯ ಹಾಗೆ. ಅದರಲ್ಲಿ ಹಿಮ್ಮಡಿ ಮುಳುಗುವಷ್ಟು ನೀರು. ಹೊಸ ನೀರು ಬಂದಾಗ ಮೊದಲು ತುಂಬುವುದು ಅದೇ. ದಿಬ್ಬದ ಮೇಲೆ ಇದ್ದವರಿಗೆ ಎದುರಿನ ನೀರು ಏರಿದ್ದು ಕಾಣುವ ಹೊತ್ತಿಗೆ ಬೆನ್ನ ಹಿಂದೆ ದಾರಿ ಮುಚ್ಚಿರುತ್ತದೆ.

ಇಬ್ಬರೂ ಉಸುಕಿನ ಮೇಲೆ ಕುಳಿತರು. ದಂಡೆಯ ಮೇಲೆ ಮಠದ ಖೋಲಿಯಲ್ಲಿದ್ದ ಯಂತ್ರ ಏನು ಕೇಳಿತು, ಏನು ಉತ್ತರ ಸಿಕ್ಕಿತು ಎನ್ನುವುದು ಮಠದ ವೈಫೈ ಮೂಲಕ ಚನ್ನವೀರನ ತೊಡೆಯ ಮೇಲಿನ ಲ್ಯಾಪ್‌ಟಾಪಿನಲ್ಲಿ ಕಾಣುತ್ತಿತ್ತು.

ಸೊನ್ನೆ. ಸ್ವಲ್ಪ ಹೊತ್ತಿಗೆ ಮತ್ತೆ ಸೊನ್ನೆ.

ಬಿಸಿಲು ವಾಲಿತು. ಮೇಲಿನಿಂದ ಗಂಗವ್ವ ಇಳಿದು ಬಂದಳು. ಕಂಕುಳಲ್ಲಿ ಒಂದು ಕಲ್ಲಂಗಡಿ ಹಣ್ಣು.

"ಮ್ಯಾಲ ಇರು ಅಂದಿದ್ನೆಲ್ಲವ್ವಾ" ಎಂದರು ಅಜ್ಜಾರು.

"ಗುರುಗಳು ಬಿಸಲಾಗ ಕುಂತಾರ, ನಾ ಗಿಡದ ನೆರಳಾಗ ಕುಂದರಲೇನ್ರಿ? ಹಣ್ಣ ತಿಂದು ತಪಸ್ಸ ಮಾಡ್ರಿ." ಅವಳು ಹಣ್ಣನ್ನು ಮೊಣಕಾಲಿಗೆ ಬಡಿದು ಒಡೆದಳು. ತಮ್ಮನಿಗೂ ಒಂದು ಹೋಳು ಚಾಚಿದಳು. "ತಗೋ. ಮಾರಿ ಯಾಕ ಹಂಗ ಮಾಡೀದಿ? ನಿನ್ನ ಯಂತ್ರ ಹಡೀಲಿಕ್ಕೆ ಕುಂತೈತೇನು?"

ಚನ್ನವೀರ ಹೋಳನ್ನು ಹಿಡಿದ. ತಿನ್ನಲಿಲ್ಲ.

"ಅಕ್ಕಾ, ನೀ ಮ್ಯಾಲ ಹೋಗು."

"ಭೋಂಗಾ ಊದಿಲ್ಲಲ್ಲ. ನೀನ ಮಾಡೀದಿ. ಊದತೈತಿ, ಆವಾಗ ಹೋಗತೀನಿ."

ಆ ಮಾತು ಕೇಳಿ ಅಜ್ಜಾರು ನಕ್ಕರು. ಬಂದವಳನ್ನು ಹಾಗೇ ಕುಳಿತುಕೊಳ್ಳಲು ಬಿಟ್ಟರು. ಅವರಿಗೂ ಅಷ್ಟೇ ನಂಬಿಕೆ ಇತ್ತು.

ಚನ್ನವೀರ ಪರದೆಯ ಕಡೆ ನೋಡಿದ. ಸೊನ್ನೆ. ಆದರೆ ಮಧ್ಯಾಹ್ನ ಕಳೆದು ಹೊತ್ತಾಗಿತ್ತು. ನೀರು ಬಿಡಲು ತಡವಾಗಿರಬಹುದು. ಅಥವಾ.

ಆ ಅಥವಾ ಎನ್ನುವುದರ ಮುಂದೆ ಹೋಗಲು ಅವನಿಗೆ ಧೈರ್ಯ ಬರಲಿಲ್ಲ.

"ಏನಂತೈತಿ?" ಎಂದರು ಅಜ್ಜಾರು.

"ಸೊನ್ನೆ ಅಂತೈತ್ರಿ."

ಅಜ್ಜಾರ ಕೈಯಲ್ಲಿದ್ದ ಹೋಳು ಅಲ್ಲೇ ನಿಂತಿತು.

"ಸೊನ್ನೆ ಹೆಂಗ ಅಂತೈತಿ? ನೀರು ಬಿಡೂ ಹೊತ್ತಿಗೆ ಖೋಲಿಯಿಂದ ಅಣೆಕಟ್ಟಿನ ಕಡೆ ಹೋಗೂ ತಂತಿ ಬಿಚ್ರಿ ಅಂತ ಹುಡುಗರಿಗೆ ನಾನ ಹೇಳಿ ಬಂದೀನಿ. ಉತ್ತರ ಬರದಿದ್ರ ಏನ ಮಾಡತೈತಿ ನೋಡೂಣು ಅಂತ. ಅದಕ್ಕ ನೀ ಏನರ ದಾರಿ ಮಾಡಿರತಿ ಅಂದಕೊಂಡಿದ್ದೆ. ಭೋಂಗಾ ಒದರಬೇಕಿತ್ತಲ್ಲ?"

ಚನ್ನವೀರ ಹಿಂದಕ್ಕೆ ತಿರುಗಿ ನೋಡಿದ.

ಕಾಲುವೆ ಅಗಲವಾಗಿತ್ತು. ಬರುವಾಗ ಕಂಡಿದ್ದ ಕಲ್ಲುಗಳು ಈಗ ಇರಲಿಲ್ಲ. ನೀರಿನ ಮೇಲೆ ನೊರೆಯೂ ಕಸವೂ ಸುತ್ತಿ ಸುತ್ತಿ ಹೋಗುತ್ತಿದ್ದವು. ಎದುರಿನ ದೊಡ್ಡ ಹರಿವು ಮಾತ್ರ ಇನ್ನೂ ಮೊದಲಿನ ಹಾಗೇ ಕಾಣುತ್ತಿತ್ತು.

"ಅಜ್ಜಾರ, ಏಳ್ರಿ" ಎಂದ. ಮತ್ತೊಮ್ಮೆ ಅಂದ. "ಏಳ್ರಿ. ಅಕ್ಕಾ, ಏಳು."

ಗಂಗವ್ವ ಅಷ್ಟರಲ್ಲಿ ನೋಡಿಯಾಗಿತ್ತು. ಸೀರೆ ಎತ್ತಿ ಕಟ್ಟಿ ಮೊದಲು ಅವಳೇ ನೀರಿಗಿಳಿದಳು. ಅಜ್ಜಾರ ಬಲಗೈ ಹಿಡಿದಳು. ಚನ್ನವೀರ ಒಂದು ಕೈಯಿಂದ ಅಜ್ಜಾರ ಎಡಗೈ ಹಿಡಿದು, ಇನ್ನೊಂದರಿಂದ ಲ್ಯಾಪ್‌ಟಾಪನ್ನು ತಲೆಯ ಮೇಲೆ ಎತ್ತಿ ಹಿಡಿದ.

ಕಾಲುವೆಯ ನಡುವೆ ನೀರು ಸೊಂಟಕ್ಕೆ ಬಂತು. ಕಾಲ ಕೆಳಗಿನ ಉಸುಕು ಜಾರತೊಡಗಿತು. ಅಜ್ಜಾರು ಒಮ್ಮೆ ಮುಗ್ಗರಿಸಿದರು. ಅವರ ಕೈ ಚನ್ನವೀರನ ಬೆರಳುಗಳಿಂದ ನುಣುಚಿತು.

"ಅದನ್ನ ಒಗದು ಎರಡೂ ಕೈಲೆ ಹಿಡಿಯೋ" ಎಂದಳು ಗಂಗವ್ವ.

ಅವನು ಒಗೆದ. ತಾನು ಬರೆದದ್ದೆಲ್ಲ ನೊರೆಯ ಜೊತೆ ತಿರುಗುತ್ತ ಹೋದದ್ದನ್ನು ನೋಡಲೂ ಇಲ್ಲ. ಅಜ್ಜಾರನ್ನು ಎರಡೂ ತೋಳಿನಿಂದ ತಬ್ಬಿ ಎತ್ತಿದ.

ಮೂವರೂ ದಂಡೆಗೆ ಬಂದು ಬಿದ್ದರು. ತಲೆಯ ಮೇಲೆ ಕಂಬದ ತುದಿಯಲ್ಲಿ ಭೋಂಗಾ ಬಾಯಿ ತೆರೆದುಕೊಂಡು ಸುಮ್ಮನೆ ಇತ್ತು.

ಎಲ್ಲರಿಗೂ ಉಸಿರು ಬೇಕಾಗಿತ್ತು.

ಕಡೆಗೆ ಅಜ್ಜಾರು ಕೇಳಿದರು. "ಅಣೆಕಟ್ಟು ಸೊನ್ನೆ ಅಂತೇನು?"

"ಇಲ್ರಿ."

"ಮತ್ತ ಯಾರು ಅಂದವರು?"

"ನಮ್ಮ ಭಾಷಾ ಅಂತ್ರಿ. ಉತ್ತರ ಬರಲಿಲ್ಲ. ಕೇಳಿದವರನ್ನ ಬರಿಗೈಲೆ ಕಳಸಬಾರದು ಅಂತ ಅದ ಒಂದು ಸೊನ್ನೆ ಇಟ್ಟಿತು."

"ಹಿಂಗ ಆಗತೈತಿ ಅಂತ ನಿನಗ ಗೊತ್ತಿತ್ತೇನು?"

ಸೆರಗು ಹಿಂಡುತ್ತಿದ್ದ ಗಂಗವ್ವ ಕೈ ನಿಲ್ಲಿಸಿ ತಮ್ಮನ ಮುಖ ನೋಡಿದಳು.

"ಗೊತ್ತಿತ್ರಿ" ಎಂದ ಚನ್ನವೀರ.

"ನಿನ್ನೆ ಕೇಳಿದ್ನೆಲ್ಲಪಾ."

"ಆ ನೇಮ ನಿಮ್ಮ ಬಾಯಿಂದ ಬಂದದ್ದು. ಅದು ಇಲ್ಲಿ ತಪ್ಪತೈತಿ ಅಂತ ನಾ ಹೆಂಗ ಅನ್ನಲ್ರಿ?"

ಅಜ್ಜಾರು ಒದ್ದೆ ಕಾವಿಯ ಅಂಚನ್ನು ಬೆರಳಿಗೆ ಸುತ್ತುತ್ತ ಕುಳಿತರು.

"ನೀ ಪಾದ ಮುಟ್ಟಿದಿ. ಸಂಶಯ ಇಲ್ಲ ಅಂತ ನಾ ತಿಳಕೊಂಡೆ. ಆ ನಂಬಿಗಿ ಮ್ಯಾಲ ಈಕಿನ್ನ ಉಸುಕಿನ್ಯಾಗ ಕುಂದರಗೊಟ್ಟೆ."

ಚನ್ನವೀರ ಅಳಲಿಲ್ಲ. ತಾನು ಮಠ ಬಿಟ್ಟು ಹೋಗುತ್ತೇನೆ, ಇನ್ನು ಯಾವ ಯಂತ್ರವನ್ನೂ ಮುಟ್ಟುವುದಿಲ್ಲ ಎಂದು ನೆಲ ನೋಡುತ್ತ ಹೇಳಿದ.

"ನೀ ಹೋದ್ರ ಭೋಂಗಾ ಊದತೈತೇನು?" ಎಂದರು ಅಜ್ಜಾರು.

ಗಂಗವ್ವ ಎದ್ದು ನಿಂತಳು. ಸಿಟ್ಟಿನಲ್ಲಿದ್ದಳು, ಆದರೆ ಕೇಳಬೇಕಾದದ್ದನ್ನೇ ಕೇಳಿದಳು. "ನಾಳೆ ನೀರು ಇಳದ ಮ್ಯಾಲ ಬಳ್ಳಿ ನೋಡಾಕ ಹೋಗಬೇಕು. ಮತ್ತ ನೀರು ಬಿಟ್ರ ಇದು ಊದತೈತೋ ಇಲ್ಲೋ?"

ಚನ್ನವೀರ ತಲೆ ಎತ್ತಿದ. ಹೌದು ಎನ್ನಲು ಬಾಯಿ ತೆರೆದ. ಇಲ್ಲ ಎನ್ನಲೂ ನೋಡಿದ. ಕೊನೆಗೆ, "ಗೊತ್ತಿಲ್ಲಕ್ಕಾ" ಎಂದ.

"ಹಂಗನ್ನು ಮತ್ತ. ಗೊತ್ತಿಲ್ಲಂದ್ರ ನಾ ಒಬ್ಬರನ್ನ ದಂಡಿ ಮ್ಯಾಲ ನಿಂದರಿಸಿ ಇಳೀತೀನಿ." ಅಷ್ಟು ಹೇಳಿ ಅವಳು ಮನೆಯ ದಾರಿ ಹಿಡಿದಳು.

ಅಜ್ಜಾರು ಅವಳು ಹೋದ ದಾರಿಯನ್ನೇ ನೋಡುತ್ತ, "ಕೇಳಿದೇನು?" ಎಂದರು.

"ಕೇಳಿದೆ ಅಜ್ಜಾರ."

ಅಲ್ಲೇ ಕುಳಿತು ಚನ್ನವೀರ ಎಲ್ಲವನ್ನೂ ಬಿಚ್ಚಿ ಹೇಳಿದ. ಭಾಷೆಗೆ ಇನ್ನೊಂದು ಉತ್ತರ ಬೇಕು. ಅದು ಸೊನ್ನೆಯೂ ಅಲ್ಲ, ಅಂಕಿಯೂ ಅಲ್ಲ. ಉತ್ತರ ಬರಲಿಲ್ಲ ಎಂಬುದೇ ಆ ಉತ್ತರ. ಮತ್ತೆ, ದೂರದ ಯಂತ್ರವನ್ನು ಕೇಳುವವನು ಎಷ್ಟು ಹೊತ್ತು ಕಾಯುತ್ತೇನೆ, ಉತ್ತರ ಬರದಿದ್ದರೆ ಏನು ಮಾಡುತ್ತೇನೆ ಎಂಬುದನ್ನು ಮೊದಲೇ ಬರೆದಿಡಬೇಕು. ಬರೆಯದಿದ್ದರೆ ಭಾಷೆ ಆ ಪ್ರೋಗ್ರಾಮನ್ನು ಓಡಿಸಲೇಬಾರದು.

ಭೋಂಗಾದ ಪ್ರೋಗ್ರಾಮಿನಲ್ಲಿ ಏನು ಬರೆಯುತ್ತೀ ಎಂದು ಅಜ್ಜಾರು ಕೇಳಿದರು. ಉತ್ತರ ಬರದಿದ್ದರೂ ಊದು ಎಂದು ಬರೆಯುತ್ತೇನೆ ಎಂದ. ತಂತಿ ಹರಿದಾಗಲೆಲ್ಲ ಜನ ಸುಮ್ಮಸುಮ್ಮನೆ ಓಡಿ ಬಂದು ಬೈಯುತ್ತಾರಲ್ಲ ಎಂದರು. ಬೈಯಲಿ ಎಂದ.

"ಮತ್ತ ಯಾಕ ತಡ?"

ಚನ್ನವೀರ ಮತ್ತೆ ತಡವರಿಸಿದ. ಹೊಸ ಉತ್ತರ ಸೇರಬೇಕಾದರೆ ಹಳೆಯ ಸೊನ್ನೆಯ ನೇಮ ಹೋಗಬೇಕು. ದಾಸೋಹದ ಲೆಕ್ಕ, ವಿದ್ಯಾರ್ಥಿಗಳ ಹಾಜರಿ, ಸುತ್ತಿನ ಊರುಗಳಲ್ಲಿ ಮಠದ ಭಾಷೆಯಲ್ಲಿ ಬರೆದದ್ದೆಲ್ಲ ನಡುದಾರಿಯಲ್ಲಿ ನಿಲ್ಲುತ್ತದೆ. ಎಲ್ಲವನ್ನೂ ಕೂತು ತಿದ್ದಬೇಕು. ಗುರುಗಳ ನೇಮವನ್ನು ಚನ್ನವೀರ ಕಿತ್ತ ಎಂದು ಜನ ಆಡಿಕೊಳ್ಳುತ್ತಾರೆ. ಅದನ್ನೂ ತಡೆದುಕೊಳ್ಳಬಹುದು. ಆದರೆ ಕೈ ಏಳುವುದಿಲ್ಲ.

ಅಜ್ಜಾರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಆ ಕ್ಷಣದಿಂದ ಶಿಷ್ಯರು ಪಾಳಿಯ ಮೇಲೆ ದಂಡೆಯಲ್ಲಿ ಕುಳಿತು, ನೀರು ನೋಡಿ ಕೈಯಿಂದಲೇ ಭೋಂಗಾ ಊದಬೇಕೆಂದು ಹೇಳಿ ಒಳಗೆ ಹೋದರು.

ಮರುದಿನ ಬೆಳಗಿನ ಪೂಜೆಯಾದ ಮೇಲೆ ಪಾಳಿಯವನೊಬ್ಬನನ್ನು ಬಿಟ್ಟು ಎಲ್ಲ ಶಿಷ್ಯರನ್ನೂ ಅಂಗಳಕ್ಕೆ ಕರೆದರು. ಚನ್ನವೀರ ಹಿಂದಿನ ಸಾಲಿನಲ್ಲಿ ಕುಳಿತ. ಹಿಂದಿನ ದಿನದ ಸುದ್ದಿ ಎಲ್ಲರಿಗೂ ತಿಳಿದಿತ್ತು. ಯಾರೂ ಅವನ ಮಗ್ಗುಲಿಗೆ ಕುಳಿತಿರಲಿಲ್ಲ. ಇಂದು ಇವನಿಗೆ ಶಿಕ್ಷೆ ಎಂದು ಕೆಲವರು, ಇವನನ್ನು ಕಳಿಸಿಬಿಡುತ್ತಾರೆ ಎಂದು ಕೆಲವರು ಪಿಸುಗುಡುತ್ತಿದ್ದರು.

ಅಜ್ಜಾರು ಗದ್ದುಗೆಗೆ ಹೋಗಲಿಲ್ಲ. ಅಂಗಳದ ನೆಲದ ಮೇಲೆಯೇ, ಶಿಷ್ಯರ ಎದುರಿಗೆ ಕುಳಿತರು.

"ನಾ ಒಂದ ಮಾತ ಕೇಳತೀನಿ" ಎಂದರು. "ಇಲ್ಲ ಅನ್ನೂ ಸೊನ್ನೆ, ಗೊತ್ತಿಲ್ಲ ಅನ್ನೂ ಸೊನ್ನೆ, ಎರಡೂ ಒಂದ ಆಗಿ ಎಂದಾರ ಒಂದಿನ ತ್ರಾಸ ಕೊಡತಾವು ಅಂತ ನಿನ್ನಿಗಿಂತ ಮೊದಲ ಯಾರಿಗೆ ಅನಿಸಿತ್ತು? ಕೈ ಎತ್ರಿ."

ಯಾರೂ ಅಲುಗಾಡಲಿಲ್ಲ.

"ಬೈಯೂದಿಲ್ಲ. ಎತ್ರಿ."

ಹಿಂದಿನ ಸಾಲಿನಲ್ಲಿ ಚನ್ನವೀರ ಕೈ ಎತ್ತಿದ.

ಸ್ವಲ್ಪ ತಡೆದು ದಾಸೋಹದ ಲೆಕ್ಕ ನೋಡುವವನು ಎತ್ತಿದ. ಬರೆಯಲು ಮರೆತ ದಿನ ಕಣಜ ಖಾಲಿ ಎಂದು ಯಂತ್ರ ಹೇಳಿ, ಅಕ್ಕಿ ಮೇಲೆ ಅಕ್ಕಿ ತರಿಸಿದ್ದವನು ಅವನು. ಆಮೇಲೆ ಹಾಜರಿಯವನು ಎತ್ತಿದ. ಅವನ ಪಕ್ಕದವನು. ಅವನ ಹಿಂದಿನವನು. ಭಾಷೆ ಕಟ್ಟುವಾಗ ಅಜ್ಜಾರ ಜೊತೆಗಿದ್ದ ಮುದುಕ ಶಿಷ್ಯನೊಬ್ಬ ಕಣ್ಣು ಮುಚ್ಚಿಕೊಂಡು ಎತ್ತಿದ.

ಅಂಗಳದಲ್ಲಿ ಎತ್ತದ ಕೈ ಉಳಿಯಲಿಲ್ಲ.

ಅಜ್ಜಾರು ಆ ಕೈಗಳನ್ನು ಒಂದೊಂದಾಗಿ ನೋಡಿದರು. ಅವರ ಮುಖ ಆಗ ಹೇಗಿತ್ತು ಎಂದು ನಾನು ಬೀಗರನ್ನು ಕೇಳಿದೆ. ಆ ಕಡೆ ನೋಡುವ ಧೈರ್ಯ ಯಾರಿಗಿತ್ತು ಎಂದರು ಅವರು.

ಇದನ್ನು ಕೇಳಿದ ನೀವೂ ಒಬ್ಬರಿಗೆ ಹೇಳಿರಿ. ಮನೆಯಲ್ಲಾಗಲಿ, ಶಾಲೆಯಲ್ಲಾಗಲಿ, ಹಿರಿಯರು ಕುಳಿತಿರುವ ಕಡೆ ಹೇಳಿದರೆ ಇನ್ನೂ ಒಳ್ಳೆಯದು. ಏನನ್ನೂ ಕೂಡಿಸದೆ, ಅಜ್ಜಾರು ನಿಲ್ಲಿಸಿದಲ್ಲೇ ನಿಲ್ಲಿಸಿರಿ.

ಅಜ್ಜಾರು ಹೇಳಿದರಂತೆ:

"ಇಷ್ಟ ದಿನ ನನಗ ನಮಸ್ಕಾರ ಕೊಟ್ರಿ. ಇವತ್ತಿಂದ ಉತ್ತರ ಕೊಡ್ರಿ."